ಡಾರ್ಕ್ ಜಸ್ಟಿಷಿಯರ್‌ಗಳು ಚಂದ್ರದೇವತೆಯ ಕಡೆಯವರಲ್ಲ

ಬಾಲ್ಡರ್ಸ್ ಗೇಟ್ 3 ಗೇಮ್‌ನ ಡಾರ್ಕ್ ಜಸ್ಟಿಷಿಯರ್‌ಗಳು ಚಂದ್ರದೇವತೆ ಸೆಲೂನೆಯ ಯೋಧ ಪೂಜಾರಿಗಳು ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ತಪ್ಪು. ಅವರು ಸೆಲೂನೆಯ ಅವಳಿ ಸೋದರಿ, ಕತ್ತಲೆಯ ದೇವತೆ ಶಾರ್‌ಳ ಪಡೆ. ಈ ಅಕ್ಕತಂಗಿಯರದು ಬಹಳ ಹಳೆಯ ಹಗೆ. ಆ ಪಡೆಗೆ ಸೇರಬೇಕಾದರೆ ಸೆಲೂನೆಯ ಭಕ್ತರೊಬ್ಬರನ್ನು ಕೊಲ್ಲಬೇಕು! ಚಂದ್ರನ ಕಡೆಯವರಿಗೆ ಇಂಥ ಷರತ್ತು ಇರುತ್ತಾ?

ಗೊಂದಲಕ್ಕೆ ಕಾರಣ ಬಹುಶಃ ಈ ಪಡೆಯ ಸೇನಾಪತಿಯಾಗಿದ್ದ ಕೆಥೆರಿಕ್ ಥಾರ್ಮ್. ಅವನು ಮೊದಲು ಸೆಲೂನೆಯ ಭಕ್ತ, ಮಗಳು ಸತ್ತ ಮೇಲೆ ಶಾರ್ ಕಡೆ ಹೋದವನು. ಗೇಮ್‌ನಲ್ಲಿ ನಿಮ್ಮ ಜೊತೆಗಾತಿಯಾಗುವ ಶ್ಯಾಡೋಹಾರ್ಟ್ ಕೂಡ ಶುರುವಿನಲ್ಲಿ ಶಾರ್‌ಳ ಪೂಜಾರಿಣಿಯೇ. ಮುಂದೆ ಅವಳು ಸೆಲೂನೆಯ ಕಡೆ ತಿರುಗಬಹುದು, ಅದು ನೀವು ಆಡುವ ರೀತಿಗೆ ಬಿಟ್ಟಿದ್ದು.

ಸೆಲೂನೆಯ ಪೂಜಾರಿಣಿಯನ್ನೇ ನೋಡಬೇಕಾ? ಗೇಮ್‌ನಲ್ಲಿ ಲಾಸ್ಟ್ ಲೈಟ್ ಇನ್ ಎಂಬ ತಂಗುಮನೆಗೆ ಹೋಗಿ. ಅಲ್ಲಿ ಸುತ್ತಲಿನ ನಾಡನ್ನು ಆವರಿಸಿರುವ ಕತ್ತಲೆಯ ಶಾಪದಿಂದ ಜನರನ್ನು ಕಾಯುತ್ತಿರುವ ಇಸೊಬೆಲ್ ಇದ್ದಾಳೆ, ಅದೇ ಕೆಥೆರಿಕ್‌ನ ಮಗಳು, ಸತ್ತು ಮತ್ತೆ ಜೀವ ಪಡೆದವಳು.