ಅಂಬಾರಿಗೆ ದಾರಿ, ಕೂಸಿಗೆ ಬಕಲ್ಲು

ನಮ್ಮ ಮೈಸೂರಿನಲ್ಲಿ ‘ಕ್ಯಾರಿಯರ್’ ಎಂಬ ಮಾತಿಗೆ ಇದುವರೆಗೆ ಎರಡೇ ಅರ್ಥಗಳಿದ್ದವು. ಒಂದು, ಕಚೇರಿಗೆ ಊಟ ಒಯ್ಯುವ ಮೂರಂತಸ್ತಿನ ಡಬ್ಬಿ; ಇನ್ನೊಂದು, ಸೈಕಲ್ಲಿನ ಹಿಂಬದಿಯ ಕಬ್ಬಿಣದ ಸರಳುಗಳ ಪೀಠ, ನಮ್ಮ ತಲೆಮಾರು ಅದರ ಮೇಲೆ ಕೂತೇ ಶಾಲೆ ಮುಟ್ಟಿದ್ದು. ಹಾಗಾಗಿ ಬಾಣಂತನಕ್ಕೆ ಬಂದಿರುವ ಮಗಳು ಐದು ತಿಂಗಳ ಕೂಸಿಗೆ ದಿನಬಳಕೆಯ ಕ್ಯಾರಿಯರ್ ಒಂದನ್ನು ಕೊಳ್ಳಬೇಕು ಎಂದಾಗ, ಮಂಡ್ಯ ಸೀಮೆಯವರಾದ ನನ್ನ ಅತ್ತೆಯವರು “ಅನ್ನ ಉಣ್ಣೋಕೆ ಇನ್ನೂ ಒಂದು ತಿಂಗಳೈತೆ, ಈಗಲೇ ಯಾಕವ್ವ ಕ್ಯಾರಿಯರ್ರು?” ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮಗಳು ಕೇಳಿದ್ದು ಕೂಸನ್ನು ಮೈಗೆ ಕಟ್ಟಿಕೊಂಡು ಹೊರುವ ಸಾಧನ. ಈ ಬೇಡಿಕೆಗೂ ಒಂದು ಹಿನ್ನೆಲೆಯಿತ್ತು. ನಾಮಕರಣದ ದಿನ ಬೀಗರು ತಳ್ಳುಗಾಡಿಯೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದರು. ನಾಲ್ಕು ಚಕ್ರ, ಮೇಲೊಂದು ಕೊಡೆ, ಹಾಲಿನ ಬಾಟಲಿಗೆ ಪ್ರತ್ಯೇಕ ಗೂಡು. ರಥಕ್ಕೆ ಬೇಕಾದ್ದೆಲ್ಲ ಅದಕ್ಕಿತ್ತು, ರಥಬೀದಿಯೊಂದನ್ನು ಬಿಟ್ಟು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಹೊರತಂದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು. ನಮ್ಮ ಬಡಾವಣೆಯ ಫುಟ್‌ಪಾತು ಈ ಮಾರ್ಗಸೂಚಿಯನ್ನು ಓದಿದಂತಿಲ್ಲ. ಅಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆಮೇಲೆ ಯಾರದೋ ಕಾರು ಮನೆಯೊಳಗೆ ಏರಲೆಂದು ಕಟ್ಟಿಸಿದ ಇಳಿಜಾರು, ಆಮೇಲೆ ಮೂರು ಚಪ್ಪಡಿ ಕಾಣೆಯಾದ ಚರಂಡಿ, ಅದರಾಚೆಗೆ ಮನೆ ಕಟ್ಟಿಸುವವರ ಜಲ್ಲಿ ರಾಶಿ. ಮೊದಲ ದಿನವೇ ಅಳಿಯಂದಿರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಗಾಡಿಯನ್ನೂ ಎತ್ತಿಕೊಂಡು ಮರಳಿದರು. ದೇಶದಲ್ಲೇ ಅತ್ಯಂತ ಸ್ವಚ್ಛ ನಗರವೆಂದು 2016ರಲ್ಲಿ ಹೆಸರು ಪಡೆದ ಊರು ನಮ್ಮದು. ಗುಡಿಸುವುದಕ್ಕೂ ನಡೆಯುವುದಕ್ಕೂ ಬೇರೆ ಬೇರೆ ಇಲಾಖೆಗಳಿರಬೇಕು. ಗಾಡಿ ಈಗ ವರಾಂಡದಲ್ಲಿ ಹಳೆಯ ಪತ್ರಿಕೆಗಳನ್ನು ಮಲಗಿಸಿಕೊಂಡಿದೆ.

ರಸ್ತೆ ಸರಿಯಿಲ್ಲದಿದ್ದರೆ ಸರಿಪಡಿಸಿ ಎಂದು ಕೇಳುವುದು ಹಳೆಯ ಕಾಲದ ಒರಟುತನ. ಈಗಿನ ಸಭ್ಯ ನಾಗರಿಕರು ರಸ್ತೆಗೆ ತಕ್ಕ ಸಾಮಾನನ್ನು ಕೊಂಡು ಸುಮ್ಮನಾಗುತ್ತಾರೆ. ನೀರು ಕೆಟ್ಟರೆ ಫಿಲ್ಟರು, ಕರೆಂಟು ಹೋದರೆ ಯುಪಿಎಸ್ಸು, ಫುಟ್‌ಪಾತು ಇಲ್ಲದಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ರು.

ಅಂಗಡಿಯಲ್ಲಿ 900 ರೂಪಾಯಿಯಿಂದ 15,000 ರೂಪಾಯಿವರೆಗಿನ ಕ್ಯಾರಿಯರುಗಳು ಸಾಲಾಗಿ ನೇತಾಡುತ್ತಿದ್ದವು. ಉದ್ದನೆಯ ಬಟ್ಟೆಯನ್ನು ಸುತ್ತಿಕೊಂಡು ಗಂಟು ಹಾಕುವುದಕ್ಕೆ ರ‍್ಯಾಪ್ ಎಂದೂ, ಅದೇ ಬಟ್ಟೆಯನ್ನು ಹೆಗಲ ಬಳಿ ಎರಡು ಬಳೆಗಳೊಳಗೆ ತೂರಿಸಿದರೆ ರಿಂಗ್ ಸ್ಲಿಂಗ್ ಎಂದೂ, ಸೊಂಟಕ್ಕೊಂದು ಪಟ್ಟಿ, ಹೆಗಲಿಗೆರಡು ಪಟ್ಟಿ ಹಚ್ಚಿ ಬಕಲ್ಲು ಹಾಕಿದರೆ ಎರ್ಗೊನಾಮಿಕ್ ಎಂದೂ, ಸೊಂಟದ ಪಕ್ಕಕ್ಕೆ ಪುಟ್ಟ ಮಣೆಯೊಂದನ್ನು ಕಟ್ಟಿಕೊಂಡರೆ ಹಿಪ್ ಸೀಟ್ ಎಂದೂ ಅಂಗಡಿಯ ಹುಡುಗ ಮಂತ್ರ ಹೇಳಿದಂತೆ ಒಪ್ಪಿಸಿದನು. ಈ ನಾಲ್ಕರಲ್ಲಿ ಮೊದಲನೆಯದು ಸೀರೆ, ಎರಡನೆಯದು ಬಳೆ ತೊಟ್ಟ ಸೀರೆ, ನಾಲ್ಕನೆಯದು ನನ್ನ ಅತ್ತೆಯವರ ಸೊಂಟ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಕಟ್ಟಿದವರಿಗೂ, ಮುಂದೊಂದು ದಿನ ಜನ ಕೂಸನ್ನು ಬಿಟ್ಟು ಕಂಕುಳನ್ನೇ ಹುಡುಕಿಕೊಂಡು ಹೊರಡುತ್ತಾರೆಂದು ಹೊಳೆದಿರಲಾರದು. ಒಂದು ಪೆಟ್ಟಿಗೆಯ ಮೇಲೆ ಹನ್ನೆರಡು ಭಂಗಿಗಳ ಚಿತ್ರಗಳಿದ್ದವು; ಹನ್ನೆರಡರಲ್ಲೂ ಹೆಂಗಸು ನಗುತ್ತಿದ್ದಳು. ಹೊರುವ ತೂಕ 3.2 ಕಿಲೋದಿಂದ 20 ಕಿಲೋವರೆಗೆ ಎಂದು ಅಚ್ಚಾಗಿತ್ತು. 20 ಕಿಲೋ ತೂಗುವ ಮಗು ಸಾಮಾನ್ಯವಾಗಿ ಶಾಲೆಗೆ ಹೋಗುತ್ತಿರುತ್ತದೆ, ಅದರ ಬ್ಯಾಗನ್ನು ಹೊರುವುದಕ್ಕಾದರೂ ಇದು ಉಪಯೋಗವಾದೀತು ಎಂದು ನಾನು ಸಮಾಧಾನ ತಂದುಕೊಂಡೆ.

ಈ ಎಲ್ಲ ಗದ್ದಲದ ನಡುವೆ ತಿಳಿಯಬೇಕಾದದ್ದು ನಿಜವಾಗಿಯೂ ಇದೆ, ಆದರೆ ಅಂಗಡಿಯವನು ಹೇಳದೆ ಬಿಟ್ಟದ್ದೂ ಅದನ್ನೇ. ಮಗು ಕಪ್ಪೆ ಕೂತಂತೆ ಕೂರಬೇಕು: ತೊಡೆಗೆ ಆಸರೆಯಿದ್ದು ಮಂಡಿ ಅಂಡಿಗಿಂತ ಮೇಲಿರಬೇಕು, ಕಾಲು ಜೋತು ಬೀಳಬಾರದು, ಎಳೆಯ ಸೊಂಟದ ಕೀಲಿಗೆ ಅದೇ ಕ್ಷೇಮ. ಕಟ್ಟು ಬಿಗಿಯಾಗಿರಬೇಕು, ಮುಖ ಸದಾ ಕಾಣುತ್ತಿರಬೇಕು, ತಲೆ ಬಗ್ಗಿಸಿದರೆ ಮುತ್ತು ಕೊಡುವಷ್ಟು ಹತ್ತಿರವಿರಬೇಕು, ಗದ್ದ ಎದೆಗೆ ಅಂಟಬಾರದು, ಬೆನ್ನಿಗೆ ಆಸರೆಯಿರಬೇಕು. 2010ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸ್ಲಿಂಗ್‌ಗಳಲ್ಲಿ ನಾಲ್ಕು ತಿಂಗಳೊಳಗಿನ ಕೂಸುಗಳಿಗೆ ಉಸಿರು ಕಟ್ಟುವ ಅಪಾಯವಿದೆಯೆಂದು ಎಚ್ಚರಿಸಿದ್ದು ಈ ಗದ್ದದ ಕಾರಣಕ್ಕೂ, ಮೂಗು ಬಾಯಿಗೆ ಬಟ್ಟೆ ಒತ್ತುವ ಕಾರಣಕ್ಕೂ. ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ಅಜ್ಜಿಯರು ಯಾವ ಚಿತ್ರಪಟವನ್ನೂ ನೋಡದೆ ಸರಿಯಾದದ್ದನ್ನೇ ಮಾಡುತ್ತಿದ್ದರು. ಹಾಗೆಂದು ಅವರನ್ನು ಪೂರ್ತಿ ಪೀಠಕ್ಕೇರಿಸುವಂತೆಯೂ ಇಲ್ಲ. ಎಣ್ಣೆನೀರು ಹಾಕಿದ ಮೇಲೆ ಅದೇ ಕಾಲುಗಳನ್ನು ನೀಟಾಗಿ ಎಳೆದು, ಜೋಡಿಸಿ, ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದವರೂ ಅವರೇ, ಮತ್ತು ಅದು ಆ ಕೀಲಿಗೆ ಒಳ್ಳೆಯದಲ್ಲ.

ಸೀರೆಗೆ ಬಕಲ್ಲು ಬಂದ ಕಥೆಯೂ ಸ್ವಾರಸ್ಯವಾಗಿದೆ. ಆನ್ ಮೂರ್ ಎಂಬ ಅಮೆರಿಕದ ದಾದಿ 1960ರ ದಶಕದಲ್ಲಿ ಅಲ್ಲಿನ ಸರ್ಕಾರದ ಸ್ವಯಂಸೇವಕ ಪಡೆಯಾದ ಪೀಸ್ ಕೋರ್ ಸೇವೆಗೆಂದು ಆಫ್ರಿಕದ ಟೋಗೋ ದೇಶಕ್ಕೆ ಹೋಗಿದ್ದಾಗ, ಅಲ್ಲಿನ ತಾಯಂದಿರು ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಿಶ್ಚಿಂತೆಯಿಂದ ಕೆಲಸ ಮಾಡುವುದನ್ನು ಕಂಡು ಬೆರಗಾದರು. ಊರಿಗೆ ಮರಳಿ ತಾವೂ ಒಂದನ್ನು ಹೊಲಿಸಿ, ಸ್ನಗ್ಲಿ ಎಂದು ಹೆಸರಿಟ್ಟು, 1969ರಲ್ಲಿ ಪೇಟೆಂಟ್ ಪಡೆದರು. ಆಕೆಯನ್ನು ದೂರುವಂತಿಲ್ಲ, ಕಂಡದ್ದನ್ನು ಮೆಚ್ಚುವ ಕಣ್ಣಾದರೂ ಅವರಿಗಿತ್ತು. ನಮ್ಮಲ್ಲಿ ಕಬ್ಬು ಕಡಿಯಲು ಬಂದ ಹೆಂಗಸು ಬೆನ್ನಿಗೆ ಕೂಸು ಕಟ್ಟಿಕೊಂಡು ಗದ್ದೆಯ ಬದುವಿನಲ್ಲಿ ನಡೆದರೆ ಅದು ಬಡತನ. ಅದೇ ಕೂಸುಮರಿ ಮಾಲಿನ ಎಸ್ಕಲೇಟರಿನ ಮೇಲೆ ಕಂಡರೆ ಬೇಬಿವೇರಿಂಗ್.

ಹೊರುವ ವಿದ್ಯೆಯಲ್ಲಿ ಮೈಸೂರಿಗೆ ಪಾಠ ಹೇಳಬೇಕಾಗಿಯೇ ಇಲ್ಲ. ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್, ಒಂದು ಜೀವ ಹೊತ್ತು ನಡೆಯುತ್ತದೆ. ಅದಕ್ಕಾಗಿ ವಾರಗಟ್ಟಲೆ ಮುಂಚಿತವಾಗಿ ಆನೆಯನ್ನು ಕರೆತಂದು ತೂಕ ನೋಡುತ್ತಾರೆ, ಪೌಷ್ಟಿಕ ಆಹಾರ ಕೊಡುತ್ತಾರೆ, ಬೆನ್ನು ಉಜ್ಜದಿರಲೆಂದು ನಮ್ದಾ ಹಾಸಿ, ಗಾದಿಯಿಟ್ಟು ಹಗ್ಗ ಬಿಗಿಯುತ್ತಾರೆ. ಮೊದಲು ಮರಳು ಮೂಟೆ, ಅನಂತರ ಮರದ ಅಂಬಾರಿ ಹೊರಿಸಿ ತಾಲೀಮು ಮಾಡಿಸುತ್ತಾರೆ. ಮೆರವಣಿಗೆಯ ದಿನ ಐದು ಕಿಲೋಮೀಟರಿನುದ್ದಕ್ಕೂ ದಾರಿಯಲ್ಲಿ ಜಲ್ಲಿ ರಾಶಿಯಿರುವುದಿಲ್ಲ, ಎದುರಿಗೆ ಸ್ಕೂಟರು ಬರುವುದಿಲ್ಲ. ಅರವತ್ತು ದಾಟಿದ ಆನೆಗೆ ಅಂಬಾರಿ ಹೊರಿಸುವುದಿಲ್ಲವೆಂಬ ನಿಯಮವೂ ಇದೆ. ಎಂಟು ಬಾರಿ ಹೊತ್ತ ಅರ್ಜುನ ಆ ಕಾರಣಕ್ಕೇ 2020ರಲ್ಲಿ ಹೊಣೆಯನ್ನು ಅಭಿಮನ್ಯುವಿಗೆ ಬಿಟ್ಟುಕೊಟ್ಟದ್ದು. ನನ್ನ ಹೆಂಡತಿಗೆ ಅರವತ್ತೊಂದು. ಮಗಳು ಕೆಲಸಕ್ಕೆ ಮರಳಿದ ಮೇಲೆ ಏಳು ಕಿಲೋದ ಕೂಸನ್ನು ಹೊತ್ತು ಲಸಿಕೆಗೂ ತರಕಾರಿಗೂ ನಡೆಯಬೇಕಾದವಳು ಅವಳು. ಅವಳಿಗೆ ತಾಲೀಮಿಲ್ಲ, ಗಾದಿಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಸರ್ಕಾರದ ಕಣ್ಣಿಗೆ ಬೀಳಬೇಕಾದರೆ ಕೂಸು ಚಿನ್ನದ್ದಾಗಿರಬೇಕೋ, ಹೊರುವವರಿಗೆ ಸೊಂಡಿಲಿರಬೇಕೋ ತಿಳಿಯದು.

ಸರ್ಕಾರ ಕೂಸುಗಳನ್ನು ಮರೆತೇಬಿಟ್ಟಿದೆ ಎಂದರೆ ಅದೂ ಅನ್ಯಾಯವಾದೀತು. ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ 30 ಕಿಲೋ ತೂಕ ತಡೆಯುವ ಸುರಕ್ಷಾ ಪಟ್ಟಿಯಿಂದ ಸವಾರನಿಗೆ ಬಿಗಿದಿರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಒಂದು ವರ್ಷದ ಗಡುವು ಮುಗಿದು ಅದು ಜಾರಿಗೂ ಬಂದಿದೆ. ನಮ್ಮ ಬೀದಿಗಳಲ್ಲಿ ಈ ನಿಯಮ ಜೀವಂತವಾಗಿರುವುದು ಅಂಗಡಿಯವನ ಬಾಯಲ್ಲಿ ಮಾತ್ರ: ಎದೆಗೆ ಕಟ್ಟುವ ಕ್ಯಾರಿಯರನ್ನೇ ತೋರಿಸಿ “ಬೈಕಿಗೂ ಆಗುತ್ತೆ ಸಾರ್, ಟೂ ಇನ್ ಒನ್” ಎಂದನು. ಆಗುವುದಿಲ್ಲ, ನಡೆಯಲು ಹೊಲಿದ ಬಟ್ಟೆ ಬೀಳುವಾಗ ಕಾಯುವುದಿಲ್ಲ.

ಕೊನೆಗೆ ಮಗಳು ಬಕಲ್ಲಿನದನ್ನೇ ಕೊಂಡಳು, ಬೇಸಿಗೆಗೆ ಗಾಳಿಯಾಡಲೆಂದು ಜಾಲರಿ ಬಟ್ಟೆಯದು. ಕೂಸನ್ನು ಕೂರಿಸುವ ಮೊದಲು ತಾಲೀಮು ಆಗಲೇಬೇಕೆಂದು ನಾನು ಹಟ ಹಿಡಿದೆ. ಮರಳು ಮೂಟೆಯ ಬದಲಿಗೆ ಏಳು ಕಿಲೋ ಸೋನಾಮಸೂರಿ ಅಕ್ಕಿಯನ್ನು ಚೀಲದಲ್ಲಿ ತುಂಬಿ, ಎದೆಗೆ ಬಿಗಿದುಕೊಂಡು, ಬಿಸಿಲಿಗೆ ಮೇಲೊಂದು ಟೊಪ್ಪಿಯನ್ನೂ ಹಾಕಿಸಿಕೊಂಡು ನಾನೇ ಬಸ್ ನಿಲ್ದಾಣದವರೆಗೆ ಹೊರಟೆ; ಅರವತ್ತು ದಾಟಿದ್ದರೂ ಯಾವ ಅರಣ್ಯಾಧಿಕಾರಿಯೂ ತಡೆಯಲಿಲ್ಲ. ಎಂಟುನೂರು ಹೆಜ್ಜೆಗಳ ಆ ದಾರಿಯಲ್ಲಿ ಹದಿನಾಲ್ಕು ಸಲ ಫುಟ್‌ಪಾತಿನಿಂದ ರಸ್ತೆಗಿಳಿದು ಹದಿನಾಲ್ಕು ಸಲ ಮತ್ತೆ ಹತ್ತಿದೆ. ಎದುರು ಮನೆಯ ಮೇಷ್ಟರು “ಮೊಮ್ಮಗಳೇ? ನಿದ್ದೆ ಮಾಡ್ತಿದಾಳೆ ಪಾಪ” ಎಂದರು, ಹೌದೆಂದೆ. ಹೂವಿನವಳು ದೃಷ್ಟಿಯಾದೀತೆಂದು ನೆಟಿಗೆ ಮುರಿದಳು. ಹದಿನಾಲ್ಕನೆಯ ಸಲ ಹತ್ತಿ ಗದ್ದದ ಕೆಳಗೆ ಎರಡು ಬೆರಳು ಜಾಗವಿದೆಯೇ ಎಂದು ಅಕ್ಕಿಯನ್ನು ನೋಡಿಕೊಳ್ಳುತ್ತಿದ್ದಾಗ, ಸಿಗ್ನಲ್ಲು ತಪ್ಪಿಸಲು ಫುಟ್‌ಪಾತನ್ನೇರಿದ ಸ್ಕೂಟರೊಂದು ಹಿಂದಿನಿಂದ ಹಾರ್ನ್ ಹೊಡೆಯಿತು. ಸವಾರನ ಹೆಲ್ಮೆಟ್ಟು ಮೊಳಕೈಯಲ್ಲಿತ್ತು. ಅವನ ಎರಡು ವರ್ಷದ ಮಗ ಕನ್ನಡಿ ಹಿಡಿದುಕೊಂಡು ಮುಂದೆ ನಿಂತಿದ್ದ. ನನ್ನ ಎದೆಯ ಮೇಲಿನ ಟೊಪ್ಪಿಯನ್ನು ನೋಡಿ ಆತನ ಮುಖ ಗಂಭೀರವಾಯಿತು.

“ಮಗು ಕಟ್ಕೊಂಡು ಫುಟ್‌ಪಾತ್ ಮೇಲೆಲ್ಲ ಓಡಾಡ್ತೀರಲ್ಲ ಸಾರ್,” ಎಂದನು, “ಯಾರಾದ್ರೂ ಬಂದು ಗುದ್ದಿದ್ರೆ?”