ತುರುಚಿಯ ಉಪಕಾರ

ಕಳೆ ಕೀಳುವಾಗ ತುರುಚಿ ಗಿಡ ಮುಂಗೈಗೆ ಸವರಿ, ನಾನು ಕೈ ಕೊಡವಿಕೊಂಡು ಕುಣಿಯುತ್ತಿದ್ದಾಗ, ಬೇಲಿಯಾಚೆ ನಿಂತಿದ್ದ ಹಿರಿಯರೊಬ್ಬರು, "ಒಳ್ಳೆಯದೇ ಆಯಿತು ಬಿಡಿ, ಕೀಲುನೋವಿಗೆ ಅದಕ್ಕಿಂತ ಮದ್ದಿಲ್ಲ" ಎಂದರು. ನನಗೆ ಕೀಲುನೋವು ಇರಲಿಲ್ಲ. ಪುಕ್ಕಟೆ ಮದ್ದು ಹೇಳುವವರು ರೋಗವಿಲ್ಲದವರನ್ನೇ ಹುಡುಕಿಕೊಂಡು ಬರುವುದೇಕೋ ತಿಳಿಯದು.

ಅವರ ಮಾತು ತೀರ ನಿರಾಧಾರವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನೋಯುವ ಕೀಲಿಗೆ ಹಸಿ ತುರುಚಿಯಿಂದ ಬಡಿದುಕೊಳ್ಳುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಈ ಗಿಡಕ್ಕೆ ಹೊರಿಸಿದ ಕೆಲಸಗಳಂತೂ ಒಂದೆರಡಲ್ಲ; ಮೂಗಿನ ರಕ್ತ ನಿಲ್ಲಿಸುವುದಕ್ಕೂ ಅದೇ ಎಲೆ, ನಿಂತ ಮುಟ್ಟನ್ನು ಹೊರಡಿಸುವುದಕ್ಕೂ ಅದೇ ಎಲೆ.

ಇಂಗ್ಲೆಂಡಿನ ಕೆಲವು ವೈದ್ಯರು ಈ ಬಡಿತದ ಚಿಕಿತ್ಸೆಯನ್ನು ಗಂಭೀರವಾಗಿಯೇ ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಬ್ಬೆರಳಿನ ಬುಡ ನೋಯುತ್ತಿದ್ದ 27 ಜನರಿಗೆ ಒಂದು ವಾರ ತುರುಚಿ ಎಲೆ, ನಡುವೆ ಬಿಡುವು ಕೊಟ್ಟು ಇನ್ನೊಂದು ವಾರ, ಹೋಲಿಸಿ ನೋಡಲೆಂದು, ಸೋಗಿನ ಎಲೆ. ಸೋಗಿಗೆ ಅವರು ಆರಿಸಿದ್ದು ಲೇಮಿಯಂ ಎಂಬ ಗಿಡದ ಎಲೆಯನ್ನು. ನೋಡಲು ತುರುಚಿಯ ಪಡಿಯಚ್ಚು, ಆದರೆ ಚುಚ್ಚುವುದಿಲ್ಲ. ನನ್ನ ಮನಸ್ಸು ಈ ಎಲೆಯಲ್ಲಿಯೇ ಸಿಕ್ಕಿಕೊಂಡಿದೆ. ಇಂಥ ಪರೀಕ್ಷೆಗಳಲ್ಲಿ ಮದ್ದೆಂದು ಕೊಡುವ ಸಕ್ಕರೆಯ ಗುಳಿಗೆ ನುಂಗಿದವನಿಗೆ ತಾನು ನುಂಗಿದ್ದೇನೆಂದು ಗೊತ್ತಾಗುವುದಿಲ್ಲ, ಸರಿ; ಆದರೆ ಉರಿಯಬೇಕಾದ ಎಲೆಯನ್ನು ಬೆರಳಿಗೆ ಒತ್ತಿಕೊಂಡು, ಉರಿಗಾಗಿ ಹಲ್ಲು ಕಚ್ಚಿ ಕಾದು, ಏನೂ ಆಗದೆ ಎಲೆಯನ್ನೊಮ್ಮೆ ತಿರುಗಿಸಿ ನೋಡುವ ರೋಗಿಗೆ ಅನುಮಾನ ಬಾರದೆ ಇದ್ದೀತೆ? ಚುಚ್ಚದ ಎಲೆಗಿಂತ ಚುಚ್ಚಿದ ಎಲೆಯಿಂದಲೇ ನೋವು ಹೆಚ್ಚು ಇಳಿಯಿತೆಂದು ವರದಿಯಾಯಿತು. ಇಳಿಸಿದ್ದು ಎಲೆಯೋ, ಉರಿ ಹುಟ್ಟಿಸಿದ ನಂಬಿಕೆಯೋ ಎಂದು ನಾನು ಕೇಳಿದರೆ ಹಿರಿಯರು, "ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು" ಎನ್ನುತ್ತಾರೆ. ಗಾದೆ ಬಲ್ಲವರೊಡನೆ ವಾದಿಸುವುದು ವ್ಯರ್ಥ.

ನೋವನ್ನು ನೋವು ಕಳೆಯುವುದು ಹೇಗೆಂದು ಇಲ್ಲಿ ಬಿಡಿಸಿ ಹೇಳುವ ಆಸೆ ನನಗಿತ್ತು. ಆ ಸೋಗಿನ ಎಲೆ ಅಡ್ಡ ಬಂತು. ಚುಚ್ಚುವ ಬಗೆಯನ್ನಾದರೂ ಹೇಳುತ್ತೇನೆ. ಎಲೆಯ ಮೇಲಿನ ಒಂದೊಂದು ರೋಮವೂ ಟೊಳ್ಳು ಸೂಜಿ. ಗಾಜಿನಂತೆ ಪೆಡಸಾದ ಅದರ ತುದಿ ಮುಟ್ಟಿದೊಡನೆ ಮುರಿದು, ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಸೆರೊಟೋನಿನ್‌ಗಳೆಂಬ ಉರಿ ಹುಟ್ಟಿಸುವ ರಾಸಾಯನಿಕಗಳನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಬೇಯಿಸಿದರೆ ಅಥವಾ ಚೆನ್ನಾಗಿ ಒಣಗಿಸಿದರೆ ಚುಚ್ಚುವ ಶಕ್ತಿ ಅಡಗಿಹೋಗುತ್ತದೆ. ಹೀಗಿರುವಾಗ, ಒಣ ಎಲೆಯ ಚಹಾ ಡಬ್ಬಿಯ ಮೇಲೆ "ಕೀಲುನೋವಿಗೆ ಪರಂಪರೆಯ ಪರಿಹಾರ" ಎಂದು ಅಚ್ಚು ಹಾಕಿಸುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಬಡಿದುಕೊಂಡವರ ಕೀರ್ತಿಯನ್ನು ಕುದಿಸಿ ಕುಡಿಯುವವರಿಗೆ ಮಾರುವುದು ಯಾವ ನ್ಯಾಯ? ತುರುಚಿ ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಧಾರಾಳವಾಗಿರುವುದರಿಂದ, ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತಿನ್ನತೊಡಗಬಾರದು. ಅಂಥ ಎಚ್ಚರಿಕೆಗೆ ಡಬ್ಬಿಯ ಮೇಲೆ ಜಾಗ ಸಾಲದೇನೋ. ಹಸಿರೆಲೆಯ ಚಿತ್ರ ಮಾತ್ರ ನಾಲ್ಕೂ ಬದಿಗೆ ಹಬ್ಬಿಕೊಂಡಿರುತ್ತದೆ.