ಮೆಕ್ಕೆಜೋಳದ ಪರವಾಗಿ ಒಂದು ಟಚ್ ಫೋನ್

ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆಯಲು ಮಳೆ, ಬೀಜ, ಗೊಬ್ಬರ ಇದ್ದರೆ ಸಾಕೆಂದು ಹಿಂದಿನವರು ನಂಬಿದ್ದರು. ಟಚ್ ಫೋನ್ ಕೂಡ ಬೇಕೆಂಬುದು 2020ರ ಮುಂಗಾರಿನಲ್ಲಿ ತಿಳಿಯಿತು. ರೈತರೇ ಹೊಲಕ್ಕೆ ಹೋಗಿ, ನಿಂತ ಬೆಳೆಯ ಫೋಟೊ ತೆಗೆದು, ಸರ್ವೆ ನಂಬರಿನೊಡನೆ ಆ್ಯಪ್‌ಗೆ ಏರಿಸುವ ಬೆಳೆ ಸಮೀಕ್ಷೆಯನ್ನು ರಾಜ್ಯ ಸರ್ಕಾರವು ಆಗ ಜಾರಿಗೆ ತಂದಿತು. ಅಲ್ಲಿಗೆ, ಆಳೆತ್ತರ ಬೆಳೆದಿದ್ದರೂ ಫೋನಿನ ಕಣ್ಣಿಗೆ ಬೀಳದ ಮೆಕ್ಕೆಜೋಳವು ಬೆಳೆಯೇ ಅಲ್ಲವೆಂದಾಯಿತು.

ಜಗಳೂರು ತಾಲ್ಲೂಕಿನ ನಮ್ಮ ದೊಡ್ಡಪ್ಪನವರು ಟಚ್ ಫೋನ್ ಕೊಂಡದ್ದು ಈ ಕಾರಣಕ್ಕೇ ಹೊರತು ಮಾತನಾಡುವ ಆಸೆಯಿಂದಲ್ಲ. ಮಾತಿಗೆ ಅವರ ಬಳಿ ಬಟನ್ ಫೋನ್ ಇತ್ತು. ಒಮ್ಮೆ ಚಾರ್ಜ್ ಹಾಕಿದರೆ ಅದು ದಿನಗಟ್ಟಲೆ ಬಾಳುತ್ತಿತ್ತು, ರಾತ್ರಿ ಮೋಟಾರ್ ಹಾಕಲು ಹೋಗುವಾಗ ಅದರ ನೆತ್ತಿಯ ಟಾರ್ಚು ದಾರಿ ತೋರುತ್ತಿತ್ತು, ಎಲ್ಲಕ್ಕೂ ಮಿಗಿಲಾಗಿ ನೀವು ಯಾರೆಂದು ಅದು ಒಂದು ದಿನವೂ ಅವರನ್ನು ಕೇಳಿರಲಿಲ್ಲ. ಹೊಸ ಫೋನ್ ಪೆಟ್ಟಿಗೆಯಿಂದ ಹೊರಬಂದ ಗಳಿಗೆಯಲ್ಲೇ ಹೆಸರು, ಹುಟ್ಟಿದ ದಿನ, ಇಮೇಲ್ ವಿಳಾಸ ವಿಚಾರಿಸಿತು. ಬಳಿಕ ಅವರ ನಂಟರಿಷ್ಟರ ನಂಬರುಗಳನ್ನು ನೋಡಲು, ಅವರು ಇರುವ ಜಾಗವನ್ನು ತಿಳಿಯಲು ಅನುಮತಿ ಬೇಡಿತು. ಎಲ್ಲದಕ್ಕೂ ‘ಒಪ್ಪಿದೆ’ ಎಂದು ಒತ್ತುವುದೇ ಕ್ರಮವೆಂದು ಅಂಗಡಿಯ ಹುಡುಗ ತಿಳಿಸಿದ. ಹೊಲದ ಕ್ರಯಪತ್ರವನ್ನು ಊರಿನ ಮೇಷ್ಟರಿಂದಲೂ ವಕೀಲರಿಂದಲೂ ಓದಿಸಿ ಕೇಳಿದ ಮೇಲಷ್ಟೇ ಸಹಿ ಹಾಕಿದ್ದ ದೊಡ್ಡಪ್ಪನವರು, ಅಂದು ಒಂದಕ್ಷರವನ್ನೂ ಓದದೆ ಸರ್ವಕ್ಕೂ ಒಪ್ಪಿದರು. ಕುಂಟೆ ಹಿಡಿದು ಗಡುಸಾದ ಅವರ ಬೆರಳನ್ನು ಮಾತ್ರ ಗಾಜು ಇನ್ನೂ ಸರಿಯಾಗಿ ಒಪ್ಪಿಕೊಂಡಿಲ್ಲ.

ಸಮೀಕ್ಷೆಯ ವೈಭವವನ್ನು ಹೊಲದಲ್ಲಿಯೇ ನೋಡಬೇಕು. ಫೋಟೊವನ್ನು ಸರ್ವೆ ನಂಬರಿನ ಗಡಿಯೊಳಗೆ ನಿಂತೇ ತೆಗೆಯಬೇಕು. ಅದಕ್ಕೂ ಮೊದಲು ಒಟಿಪಿ ಬರಬೇಕು. ಆದರೆ ಸಿಗ್ನಲ್ ಸಿಗುವುದು ಊರ ಮುಂದಿನ ಕೆರೆ ಏರಿಯ ಮೇಲೆ. ಏರಿಯಲ್ಲಿ ಬಂದ ಒಟಿಪಿ ಹೊಲ ತಲುಪುವಷ್ಟರಲ್ಲಿ ಸತ್ತಿರುತ್ತದೆ. ಕೆರೆ ಏರಿಯ ಮೇಲೆಯೇ ಮೆಕ್ಕೆಜೋಳ ಬಿತ್ತುವಂತೆ ಸುತ್ತೋಲೆ ಹೊರಡಿಸಿದರೆ ಈ ತೊಡಕು ನಿವಾರಣೆಯಾಗಬಹುದೆಂಬುದು ನನ್ನ ವಿನಮ್ರ ಸಲಹೆ. ಫೋನ್ ಬಳಸಲಾಗದವರ ನೆರವಿಗೆ ಪಿಆರ್ (ಪ್ರೈವೇಟ್ ರೆಸಿಡೆಂಟ್), ಅಂದರೆ ಖಾಸಗಿ ನಿವಾಸಿ ಎಂದು ಕರೆಯುವ ಸ್ಥಳೀಯರನ್ನೂ ಇಲಾಖೆಯವರು ಗೊತ್ತುಮಾಡಿದ್ದಾರೆ. ಅವರೂ ಅದೇ ಸಿಗ್ನಲ್ ನಂಬಿ ಫೋನ್ ಹಿಡಿದೇ ಬರುತ್ತಾರೆ. ಅಂದಹಾಗೆ, ಪಿಂಚಣಿದಾರರು ತಾವು ಬದುಕಿರುವುದನ್ನು ಫೋನಿನ ಮುಂದೆ ಮುಖವಿಟ್ಟು ರುಜುವಾತುಪಡಿಸುವ ಸೌಲಭ್ಯವನ್ನು ಕೇಂದ್ರ ಸರ್ಕಾರವು 2021ರಲ್ಲಿ ಕಲ್ಪಿಸಿತು. ಅಲ್ಲಿ ಕಣ್ಣು ಮಿಟುಕಿಸಿದವರು ಜೀವಂತ. ಮೆಕ್ಕೆಜೋಳಕ್ಕೆ ರೆಪ್ಪೆಗಳಿಲ್ಲದಿರುವುದು ದೊಡ್ಡಪ್ಪನವರ ಪುಣ್ಯ.

ಅಂತೂ ಫೋಟೊ ಏರಿತು. ಆ ವರ್ಷ ಮಳೆ ಕೈಕೊಟ್ಟದ್ದರಿಂದ ಪರಿಹಾರ ಕೇಳಲು ಅವರು ಕಚೇರಿಯೊಂದಕ್ಕೆ ಹೋಗಿ, ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಎಂಬ ಪರದೆಯನ್ನು ಹೆಮ್ಮೆಯಿಂದ ತೋರಿಸಿದರು. ಗುಮಾಸ್ತರು ಅದರತ್ತ ಕಣ್ಣೆತ್ತದೆ, “ಯಜಮಾನ್ರೇ, ಫೋನಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಪ್ರಿಂಟ್ ತೆಗೆಸಿ, ಜೆರಾಕ್ಸ್ ಮಾಡಿಸಿ, ಪಹಣಿಯೊಂದಿಗೆ ಲಗತ್ತಿಸಿ ತನ್ನಿ” ಎಂದರು. ಕಪ್ಪುಬಿಳುಪು ಕಾಗದದ ಮೇಲೆ ಮಸಿಯಾಗಿ ಇಳಿದ ಆ ಬೆಳೆಯನ್ನು ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ಪರಿಶೀಲಿಸಿ, ಇದು ಬಿಳಿಜೋಳವಲ್ಲವೇ ಎಂದು ಕೇಳಿದರು.